ಮೂರು ವರ್ಷ ಕಾದ ಕ್ವಾರ್ಟರ್‌ಬ್ಯಾಕ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡದ 11 ಜನ ಮೈದಾನದಲ್ಲಿರುತ್ತಾರೆ. ಆದರೆ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಚೆಂಡು ಮೊದಲು ಬರೋದು ಅವನ ಕೈಗೆ. ಎಸೆಯಬೇಕೋ, ಓಡುವವನಿಗೆ ಕೊಡಬೇಕೋ ಅಂತ ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ನಮ್ಮ ಕ್ರಿಕೆಟ್‌ನ ವಿಕೆಟ್ ಕೀಪರ್ ಜಾಗದ ಥರ ಇದು. ಒಬ್ಬ ಗಟ್ಟಿಯಾಗಿ ನಿಂತುಬಿಟ್ಟರೆ ಮಿಕ್ಕವರು ಎಷ್ಟೇ ಚೆನ್ನಾಗಿ ಆಡಲಿ, ಹೊರಗೆ ಕಾಯಬೇಕು.

ಜೋ ಬರೋ ಮೂರು ವರ್ಷ ಕಾದ.

ಅವನು ಬೆಳೆದದ್ದು ಒಹಾಯೊ ರಾಜ್ಯದ ಅಥೆನ್ಸ್ ಕೌಂಟಿಯಲ್ಲಿ. ಅಪ್ಪ ಜಿಮ್ಮಿ ಫುಟ್‌ಬಾಲ್ ಕೋಚ್. 2014ರಲ್ಲಿ ಬರೋ ತನ್ನ ಹೈಸ್ಕೂಲ್ ತಂಡವನ್ನು ರಾಜ್ಯ ಮಟ್ಟದ ಫೈನಲ್‌ಗೆ ಕರೆದೊಯ್ದ. 52 ಪಾಯಿಂಟ್ ಗಳಿಸಿಯೂ ಆ ಪಂದ್ಯ ಸೋತರು. ಎದುರಾಳಿ 56 ಗಳಿಸಿತ್ತು. ಮರುವರ್ಷ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. ಮೊದಲ ವರ್ಷ ‘ರೆಡ್‌ಶರ್ಟ್’, ಅಂದರೆ ತಂಡದ ಜೊತೆ ಅಭ್ಯಾಸ ಉಂಟು, ಪಂದ್ಯ ಇಲ್ಲ. ಆಮೇಲೆ ಎರಡು ವರ್ಷ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್ ಹಿಂದೆ ನಿಂತ.

2017ರ ಆಗಸ್ಟ್‌ನಲ್ಲಿ ಅಭ್ಯಾಸದ ವೇಳೆ ಬರೋನ ಕೈಮೂಳೆ ಮುರಿಯಿತು. ಎರಡನೇ ಕ್ವಾರ್ಟರ್‌ಬ್ಯಾಕ್ ಜಾಗ ಡ್ವೇನ್ ಹ್ಯಾಸ್ಕಿನ್ಸ್ ಪಾಲಾಯಿತು. ಆ ನವೆಂಬರ್‌ನಲ್ಲಿ ಮಿಷಿಗನ್ ವಿರುದ್ಧ ಬ್ಯಾರೆಟ್ ಗಾಯಗೊಂಡಾಗ ಒಳಗೆ ಹೋದವನು ಹ್ಯಾಸ್ಕಿನ್ಸ್. ತಂಡ ಗೆದ್ದಿತು. ಒಂದು ಮೂಳೆ ಮುರಿದದ್ದಕ್ಕೆ ಸಾಲಿನ ಕ್ರಮವೇ ಬದಲಾಯಿತು. ಒಹಾಯೊ ಸ್ಟೇಟ್‌ನಲ್ಲಿ ಬರೋ ಒಟ್ಟು ಎಸೆದದ್ದು 39 ಪಾಸ್, ಅಷ್ಟೇ.

ಬೇರೆ ಕಾಲೇಜಿಗೆ ಹೋಗಬಹುದಿತ್ತಲ್ವಾ? ಆಗ ಅದು ಸುಲಭ ಇರಲಿಲ್ಲ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ನಿಯಮದಂತೆ, ಫುಟ್‌ಬಾಲ್ ಆಟಗಾರ ಒಂದು ದೊಡ್ಡ ಕಾಲೇಜಿನಿಂದ ಇನ್ನೊಂದಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಡಿಗ್ರಿ ಮುಗಿಸಿದವರಿಗೆ ವಿನಾಯಿತಿ ಇತ್ತು. ಬರೋಗೆ ದಾರಿ ತೆರೆದದ್ದು ಇಲ್ಲಿ. ಮೂರೇ ವರ್ಷದೊಳಗೆ ಅವನು ಡಿಗ್ರಿ ಮುಗಿಸಿದ್ದ. ಆಡಲು ಇನ್ನೂ ಎರಡು ಸೀಸನ್ ಬಾಕಿ ಇತ್ತು. ಅವನ ತೋಳಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಈ ಓದಿನ ಹಟವೇ ಜಾಸ್ತಿ ಇಷ್ಟ.

2018ರ ಮೇ ತಿಂಗಳಲ್ಲಿ ಅವನು ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು ಆರಿಸಿಕೊಂಡ. ಕೋಚ್ ಎಡ್ ಆರ್ಜರಾನ್. ಮೊದಲ ವರ್ಷ 16 ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಅಂಚಿನಾಚೆ ಚೆಂಡು ತಲುಪಿ ಪಾಯಿಂಟ್ ತಂದ ಎಸೆತ: ಪರವಾಗಿಲ್ಲ ಅನ್ನುವಂಥ ಆಟ. 2019ರಲ್ಲಿ ಜೋ ಬ್ರೇಡಿ ಎಂಬ ಯುವ ಕೋಚ್ ಬಂದು ಪಾಸಿಂಗ್ ಆಟವನ್ನೇ ಬದಲಿಸಿದ.

ಆ ಸೆಪ್ಟೆಂಬರ್‌ನ ಟೆಕ್ಸಸ್ ಪಂದ್ಯ ನೋಡಿ. ಎಲ್‌ಎಸ್‌ಯು 37-31ರಿಂದ ಮುಂದಿದೆ, ಕೊನೆಯ ನಿಮಿಷಗಳು. ಚೆಂಡು ಉಳಿಸಿಕೊಳ್ಳಲು ನಾಲ್ಕು ಯತ್ನದಲ್ಲಿ 10 ಗಜ ಮುಂದೆ ಹೋಗಬೇಕು; ಇದು ಮೂರನೇ ಯತ್ನ, ಹಿಂದೆ ಸರಿದದ್ದರಿಂದ ಇನ್ನೂ 17 ಗಜ ಬೇಕು. ಎದುರಾಳಿಗಳು ಮೈಮೇಲೆ ಬೀಳಲು ನುಗ್ಗುತ್ತಿದ್ದಾರೆ. ಬರೋ ಹಿಂದೆ ಓಡಲಿಲ್ಲ. ಪಕ್ಕಕ್ಕೆ ಜಾರಿಕೊಂಡು ಜೊತೆ ಆಟಗಾರ ಜಸ್ಟಿನ್ ಜೆಫರ್‌ಸನ್ ಕಡೆ ಎಸೆದ. 61 ಗಜದ ಟಚ್‌ಡೌನ್. ಆ ಸೀಸನ್‌ನಲ್ಲಿ ಅವನ 60 ಟಚ್‌ಡೌನ್ ಪಾಸ್, 5,671 ಗಜ; ತಂಡ 15ಕ್ಕೆ 15 ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್.

ಅಷ್ಟರಲ್ಲಿ ನಿಯಮವೂ ಸಡಿಲವಾಗುತ್ತಿತ್ತು. ಬರೋ ಹೊರಟ ಐದು ತಿಂಗಳಿಗೆ, 2018ರ ಅಕ್ಟೋಬರ್‌ನಲ್ಲಿ, ‘ಟ್ರಾನ್ಸ್‌ಫರ್ ಪೋರ್ಟಲ್’ ಬಂತು. ಬೇರೆ ಕಾಲೇಜಿನ ಕೋಚ್ ಜೊತೆ ಮಾತಾಡಲು ಹಳೇ ಕಾಲೇಜಿನ ಒಪ್ಪಿಗೆ ಬೇಕಿಲ್ಲ ಅಂತಾಯಿತು. 2021ರಲ್ಲಿ, ಒಮ್ಮೆ ಕಾಲೇಜು ಬದಲಿಸಿದರೆ ಒಂದು ವರ್ಷ ಕೂರುವ ಶಿಕ್ಷೆಯೂ ಹೋಯಿತು. ಈಗ ಕ್ವಾರ್ಟರ್‌ಬ್ಯಾಕ್‌ಗಳು ಮೂರು ವರ್ಷ ಕಾಯುವುದು ಅಪರೂಪ.

2019ರ ಡಿಸೆಂಬರ್‌ನಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್ಮನ್ ಬರೋಗೆ ಸಿಕ್ಕಿತು. ವೇದಿಕೆಯಲ್ಲಿ ಅವನು ತನ್ನ ಊರಿನ ಬಡತನದ ಬಗ್ಗೆ, ಊಟವಿಲ್ಲದ ಮನೆಗೆ ಮರಳುವ ಮಕ್ಕಳ ಬಗ್ಗೆ ಹೇಳಿದ. ಅದನ್ನು ಕೇಳಿದ ಜನ ಅಥೆನ್ಸ್ ಕೌಂಟಿಯ ಆಹಾರ ಕೇಂದ್ರಕ್ಕೆ ಲಕ್ಷಾಂತರ ಡಾಲರ್ ಕಳಿಸಿದರು. ಅದೇ ಭಾಷಣದಲ್ಲಿ ಅವನು ಕೋಚ್ ಆರ್ಜರಾನ್ ಕಡೆ ತಿರುಗಿದ. ಮೂರು ವರ್ಷ ನಾನು ಆಡಿರಲಿಲ್ಲ, ಆಡಬಲ್ಲೆನೋ ಇಲ್ಲವೋ ನಿಮಗೂ ಗೊತ್ತಿರಲಿಲ್ಲ, ಆದರೂ ಅವಕಾಶ ಕೊಟ್ಟಿರಿ ಅಂದ. ದನಿ ಕಟ್ಟಿಹೋಗಿತ್ತು.