ಘನ ಎಣಿಸಬೇಡಿ, ದಿಕ್ಕು ಹಿಡಿಯಿರಿ

ಶಿರಸಿ ಕಡೆ ಅಡಿಕೆ ಕೊಯ್ಲಿಗೆ ಮುಂಚೆ ಅಂಗಳದಲ್ಲಿ ಚಪ್ಪರ ಏಳುತ್ತದೆ. ದಬ್ಬೆ, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿ, ಎಷ್ಟು ಬೇಕು ಅಂತ ಕೇಳಿದರೆ ಕಟ್ಟುವವರು ಚೌಕ ಎಣಿಸುವುದಿಲ್ಲ. ಉದ್ದಕ್ಕೆ ಇಷ್ಟು, ಅಡ್ಡಕ್ಕೆ ಇಷ್ಟು ಅನ್ನುತ್ತಾರೆ. ಗಣಿತ ಕಲಿಸುವ ನನಗೆ ಈ ಲೆಕ್ಕ ತುಂಬಾ ಇಷ್ಟ.

ತರಗತಿಯಲ್ಲಿ ಒಂದು ಕೆಲಸ ಕೊಡುತ್ತೇನೆ. ಹಿಡಿಕಡ್ಡಿ ಮತ್ತು ಜೇಡಿಮಣ್ಣಿನ ಉಂಡೆಗಳಿಂದ ಎಂಟು ಘನಗಳ ಒಂದು ಗೂಡು ಕಟ್ಟಬೇಕು. ಉದ್ದ, ಅಗಲ, ಎತ್ತರ ಮೂರೂ ಕಡೆ ಎರಡೆರಡು ಘನ. ಎಷ್ಟು ಕಡ್ಡಿ ಬೇಕು? ಈ ವರ್ಷ ಒಬ್ಬ ಹುಡುಗಿ ತಕ್ಷಣ ಹೇಳಿದಳು: "ಒಂದು ಘನಕ್ಕೆ 12 ಅಂಚು. ಎಂಟಕ್ಕೆ 96, ಸರ್." 96 ಕಡ್ಡಿ ಕೊಟ್ಟೆ. ಗೂಡು ಮುಗಿದಾಗ ಅವಳ ಕೈಯಲ್ಲಿ 42 ಉಳಿದಿದ್ದವು.

ಯಾಕೆ? ಅಕ್ಕಪಕ್ಕದ ಘನಗಳು ಅಂಚನ್ನು ಹಂಚಿಕೊಳ್ಳುತ್ತವೆ. ಗೂಡಿನ ಒಳಗೇ ಇರುವ 6 ಅಂಚುಗಳು ತಲಾ ನಾಲ್ಕು ಘನಗಳಿಗೆ ಸೇರಿದವು. ಹೊರಮುಖಗಳ ಮಧ್ಯದಲ್ಲಿ ಬರುವ 24 ಅಂಚು ಎರಡೆರಡು ಘನಗಳಿಗೆ ಸೇರಿದವು. ಹೊರ ಏಣಿನ 24 ಮಾತ್ರ ಒಂದೊಂದಕ್ಕೆ. ಒಟ್ಟು 54. ಸರಿಯಾದ ಉತ್ತರವೇ, ಆದರೆ ಗೂಡು ದೊಡ್ಡದಾದರೆ ಈ ದಾರಿಯಲ್ಲಿ ತಲೆ ಕೆಡುತ್ತದೆ.

ಚಪ್ಪರದವರ ಹಾಗೆ ಎಣಿಸಿ ನೋಡಿ. ಯಾವ ಅಂಚೂ ಎರಡು ದಿಕ್ಕಿನಲ್ಲಿ ಇರುವುದಿಲ್ಲ, ಅಲ್ವಾ? ನೆಟ್ಟಗೆ ನಿಂತ ಕಡ್ಡಿಗಳನ್ನಷ್ಟೇ ಹಿಡಿಯಿರಿ. ಮೇಲಿನಿಂದ ನೋಡಿದರೆ ಮೂರು ಸಾಲಿನಲ್ಲಿ ಮೂರು ಮೂರು, 9 ಕಂಬ. ಒಂದೊಂದು ಕಂಬದಲ್ಲಿ 2 ಕಡ್ಡಿ. ಆಯಿತು 18. ದಿಕ್ಕು ಮೂರು, ಹಾಗಾಗಿ 54. ಒಂದೂ ಎರಡು ಸಲ ಬರಲಿಲ್ಲ, ಒಂದೂ ಬಿಟ್ಟು ಹೋಗಲಿಲ್ಲ.

ಈ ದಾರಿಗೆ ಚಿತ್ರವೇ ಬೇಡ. ನಾಲ್ಕನೇ ಆಯಾಮವನ್ನು ಯಾರಿಗೂ ಕಟ್ಟಿ ತೋರಿಸಲು ಆಗದು, ಆದರೂ ಅಲ್ಲಿನ ಕಡ್ಡಿ ಎಣಿಸಬಹುದು. ದಿಕ್ಕು 4. ಒಂದು ದಿಕ್ಕಿಗೆ ಮೂರು ಮೂರಲೆ ಒಂಬತ್ತು, ಅದನ್ನು ಮತ್ತೆ ಮೂರರಿಂದ ಗುಣಿಸಿದರೆ 27 ಕಂಬ. ತಲಾ 2 ಕಡ್ಡಿ. ಒಟ್ಟು 216. ನಂಬಿಕೆ ಬರಲಿಲ್ಲವೇ? ನಮ್ಮ ಹಳೆಯ ಗೂಡಿನ ಮೂರು ಪ್ರತಿ ಇಡಿ, ಅದು 162. ಒಂದು ಗೂಡಿನಲ್ಲಿ 27 ಉಂಡೆ. ಒಂದೊಂದು ಉಂಡೆಯನ್ನೂ ಎರಡನೇ ಗೂಡಿನ ಅದೇ ಉಂಡೆಗೆ, ಅದನ್ನು ಮೂರನೆಯದಕ್ಕೆ ಜೋಡಿಸಲು ಎರಡೆರಡು ಕಡ್ಡಿ, ಅದು 54. ಕೂಡಿದರೆ ಮತ್ತೆ 216. ಎರಡು ದಾರಿ ಒಂದೇ ಊರಿಗೆ ಬಂದಾಗ ಆಗುವ ಖುಷಿಗಾಗಿಯೇ ನಾನು ಈ ಪಾಠ ಮಾಡುತ್ತೇನೆ.

ಎರಡೆರಡರ ಬದಲು ಒಂದೊಂದೇ ಇಟ್ಟುಕೊಂಡು ಆಯಾಮ ಏರಿಸುತ್ತಾ ಹೋದರೆ ಗೆರೆಗೆ 1 ಕಡ್ಡಿ, ಚೌಕಕ್ಕೆ 4, ಘನಕ್ಕೆ 12, ಆಮೇಲೆ 32, 80 ಬರುತ್ತದೆ. ಗಣಿತಜ್ಞ ನೀಲ್ ಸ್ಲೋನ್ 1964ರಲ್ಲಿ ಶುರು ಮಾಡಿದ ಪೂರ್ಣಾಂಕ ಸಾಲುಗಳ ಸಂಗ್ರಹದಲ್ಲಿ ಇದಕ್ಕೆ ಎ001787 ಎಂಬ ಸಂಖ್ಯೆಯಿದೆ. ನಮ್ಮ ಎರಡೆರಡು ಘನದ ಸಾಲು 2, 12, 54, 216.

ಮುಂದಿನದು ಎಷ್ಟು ಅಂತ ಅದೇ ಹುಡುಗಿಯನ್ನು ಕೇಳಿದೆ. ಈ ಸಲ ಅವಳು ಕಡ್ಡಿ ಮುಟ್ಟಲಿಲ್ಲ. "ಐದು ದಿಕ್ಕು, 81 ಕಂಬ, ಎರಡೆರಡು ಕಡ್ಡಿ. 810, ಸರ್."