ನರ ಕಾಯುವವರು ಯಾವ ವಿಭಾಗದವರು?

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ರೋಗಿಯ ನರಗಳಿಗೆ ಪೆಟ್ಟಾಗುತ್ತಿದೆಯೇ ಎಂದು ಪರದೆಯ ಮೇಲೆ ಕಣ್ಣಿಟ್ಟು ಕೂತವರು ಯಾರು? ಒಂದು ಆಸ್ಪತ್ರೆಯಲ್ಲಿ ಅವರು ನರರೋಗ ತಜ್ಞರು, ಇನ್ನೊಂದರಲ್ಲಿ ಶರೀರಕ್ರಿಯಾ ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದವರು, ಮತ್ತೊಂದರಲ್ಲಿ ತಂತ್ರಜ್ಞರು. ಕೆಲವೊಮ್ಮೆ ಸಂಕೇತಗಳನ್ನು ಓದುವ ವೈದ್ಯರು ಆ ಊರಿನಲ್ಲೇ ಇರುವುದಿಲ್ಲ. ಕೆಲಸ ಒಂದೇ, ಆದರೆ ಪ್ರಮಾಣಪತ್ರ, ಸಂಬಳ, ಬಡ್ತಿಯ ದಾರಿ ಬೇರೆ ಬೇರೆ. ಮಿದುಳು, ನರ, ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದು ಓದುವ ಕ್ಲಿನಿಕಲ್ ನ್ಯೂರೋಫಿಸಿಯಾಲಜಿಯಲ್ಲಿ ಅಧ್ಯಾಪಕರಾಗಬೇಕೆಂದು ಹೊರಟವರು ಮೊದಲು ಎಡವುವುದು ಈ ಗೊಂದಲಕ್ಕೆ. ಗಂಟು ಒಂದೇ ದಿನದಲ್ಲಿ ಬಿದ್ದುದಲ್ಲ.

1898ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಫೆಡೋರ್ ಕ್ರೌಸೆ ಕಿವಿಮೊರೆತದ ರೋಗಿಯೊಬ್ಬರ ಶ್ರವಣ ನರವನ್ನು ಕತ್ತರಿಸುವಾಗ ಪಕ್ಕದ ಮುಖನರಕ್ಕೆ ಸಣ್ಣ ವಿದ್ಯುತ್ ತಾಗಿಸಿ, ಮುಖದ ಸ್ನಾಯು ಅದುರುವುದನ್ನು ಗಮನಿಸಿದರು. 1929ರಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಇಇಜಿಯನ್ನು, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಪ್ರಕಟಿಸಿದರು, ಪೆನ್‌ಫೀಲ್ಡ್ ಮತ್ತು ಜ್ಯಾಸ್ಪರ್ ಮಾಂಟ್ರಿಯಲ್‌ನಲ್ಲಿ ತೆರೆದ ಮಿದುಳಿನ ಮೇಲೆಯೇ ಎಲೆಕ್ಟ್ರೋಡ್ ಇಟ್ಟು ಅಪಸ್ಮಾರದ ಮೂಲ ಹುಡುಕಿದರು, ಲಂಡನ್ನಿನಲ್ಲಿ ಜಾರ್ಜ್ ಡಾಸನ್ ಗದ್ದಲದೊಳಗೆ ಮುಳುಗಿಹೋದ ಸಂಕೇತವನ್ನು ನೂರಾರು ಸಲ ಕೂಡಿಸಿ ಮೇಲೆತ್ತುವ ಉಪಾಯ ಕಂಡುಕೊಂಡರು. 1949ರಲ್ಲಿ ಈ ವಿದ್ಯೆಯ ಅಂತಾರಾಷ್ಟ್ರೀಯ ಒಕ್ಕೂಟವೂ ಅದರ ನಿಯತಕಾಲಿಕವೂ ಹುಟ್ಟಿದವು. ಆ ನಿಯತಕಾಲಿಕದ ಹೆಸರಿನಲ್ಲಿ ಇಇಜಿಗೇ ಮೊದಲ ಸ್ಥಾನ, ಕ್ಲಿನಿಕಲ್ ನ್ಯೂರೋಫಿಸಿಯಾಲಜಿಗೆ ಎರಡನೆಯದು. ಇಇಜಿಯನ್ನು ಕೈಬಿಟ್ಟು ಈಗಿನ ಚಿಕ್ಕ ಹೆಸರು ಬರಲು ಐವತ್ತು ವರ್ಷ ಹಿಡಿಯಿತು.

ಇಷ್ಟರವರೆಗೆ ವಿದ್ಯೆ ಪ್ರಯೋಗಾಲಯದ್ದಾಗಿತ್ತು. ಅದನ್ನು ದಿನನಿತ್ಯವೂ ಆಪರೇಷನ್ ಥಿಯೇಟರಿಗೆ ಎಳೆತಂದದ್ದು ಬೆನ್ನುಮೂಳೆಯ ಬಾಗು, ಅಂದರೆ ಸ್ಕೋಲಿಯೋಸಿಸ್.

1960ರ ದಶಕದಲ್ಲಿ ಹ್ಯಾರಿಂಗ್‌ಟನ್ ಸರಳುಗಳು ಬಳಕೆಗೆ ಬಂದವು. ಡೊಂಕಾದ ಬೆನ್ನನ್ನು ಲೋಹದ ಸರಳಿನಿಂದ ಹಿಗ್ಗಿಸಿ ನೆಟ್ಟಗೆ ಮಾಡುವ ವಿಧಾನ ಅದು. ಮೂಳೆ ಹಿಗ್ಗಿದಾಗ ಒಳಗಿನ ಬೆನ್ನುಹುರಿಯೂ ಹಿಗ್ಗುತ್ತದೆ, ಅದರ ರಕ್ತಸಂಚಾರ ಕುಗ್ಗುತ್ತದೆ. ನಡೆದುಕೊಂಡು ಆಸ್ಪತ್ರೆಗೆ ಬಂದ ಹದಿಹರೆಯದವರು ಕಾಲಿನ ಬಲ ಕಳೆದುಕೊಂಡು ಮರಳುವ ಪ್ರಸಂಗಗಳು ವಿರಳವಾದರೂ ನಡೆಯುತ್ತಿದ್ದವು. ಇದಕ್ಕೆ 1973ರಲ್ಲಿ ಫ್ರಾನ್ಸಿನ ವೋಜೆಲ್, ಸ್ತಾನ್ಯಾರಾ ಮತ್ತು ಸಂಗಡಿಗರು ಪ್ರಕಟಿಸಿದ ಪರಿಹಾರ ಸರಳವಾಗಿತ್ತು, ಕೇಳಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಸರಳು ಹಾಕಿದ ಮೇಲೆ, ಬೆನ್ನು ತೆರೆದಿರುವಾಗಲೇ ಅರಿವಳಿಕೆಯನ್ನು ಇಳಿಸಿ ರೋಗಿಯನ್ನು ಎಬ್ಬಿಸುವುದು. ಮೊದಲು ಕೈ ಅಲ್ಲಾಡಿಸಲು ಹೇಳುವುದು, ಮಾತು ಕೇಳಿಸಿದೆಯೆಂದು ಅದರಿಂದ ಖಾತ್ರಿಯಾಗುತ್ತದೆ. ಆಮೇಲೆ ಕಾಲು. ಕೈ ಆಡಿ ಕಾಲು ಆಡದಿದ್ದರೆ ಸರಳನ್ನು ಸಡಿಲಿಸಬೇಕು. ಪರೀಕ್ಷೆ ನಂಬಲರ್ಹವೇ, ಆದರೆ ಅದು ಒಂದು ಗಳಿಗೆಯ ಉತ್ತರ. ಮರಳಿ ಮಲಗಿಸಿದ ನಂತರ ಏನಾಯಿತೆಂದು ಅದು ಹೇಳಲಾರದು.

ಅದೇ ದಶಕದಲ್ಲಿ ಅಮೆರಿಕದ ತಂಡಗಳು ಇನ್ನೊಂದು ದಾರಿ ಹಿಡಿದವು. ಕಣಕಾಲಿನ ನರಕ್ಕೆ ವಿದ್ಯುತ್ ಸ್ಪಂದನ ಕೊಡಬೇಕು, ಅದು ಬೆನ್ನುಹುರಿಯ ಮೂಲಕ ಮಿದುಳಿಗೆ ತಲುಪಿತೇ ಎಂದು ನೆತ್ತಿಯ ಮೇಲೆ ಅಳೆಯಬೇಕು. ರೋಗಿಯನ್ನು ಎಬ್ಬಿಸುವ ಅಗತ್ಯವಿಲ್ಲ. ಅಲೆಯ ಎತ್ತರ ಅರ್ಧಕ್ಕಿಳಿದರೆ ಇಲ್ಲವೇ ಶೇ. 10ರಷ್ಟು ತಡವಾದರೆ ಎಚ್ಚರಿಕೆ ಎಂಬ ರೂಢಿ ಬೆಳೆಯಿತು. ಒಂದು ತೊಡಕು ಮಾತ್ರ ಉಳಿಯಿತು. ಈ ಸಂಕೇತ ಸಾಗುವುದು ಬೆನ್ನುಹುರಿಯ ಹಿಂಭಾಗದ ಸಂವೇದನೆಯ ದಾರಿಯಲ್ಲಿ, ಕಾಲನ್ನು ಎತ್ತಿಸುವ ಆಜ್ಞೆ ಇಳಿದು ಬರುವುದು ಬೇರೆ ದಾರಿಯಲ್ಲಿ. ಅಲೆಗಳು ಕೊನೆಯವರೆಗೂ ಚೆನ್ನಾಗಿದ್ದೂ ರೋಗಿ ಕಾಲಾಡಿಸಲಾಗದೆ ಎದ್ದ ಉದಾಹರಣೆಗಳು 1986ರ ಹೊತ್ತಿಗೆ ಪ್ರಕಟವಾದವು. ತಲೆಯ ಮೇಲಿಂದಲೇ ಚಲನೆಯ ಕೇಂದ್ರವನ್ನು ಕೆರಳಿಸಬಹುದೆಂದು ಮರ್ಟನ್ ಮತ್ತು ಮಾರ್ಟನ್ 1980ರಲ್ಲೇ ತೋರಿಸಿದ್ದರು, ಆದರೆ ಅದು ಎಚ್ಚರವಿದ್ದವರಲ್ಲಿ. ಅರಿವಳಿಕೆಯಲ್ಲಿ ಒಂಟಿ ಸ್ಪಂದನಕ್ಕೆ ಸ್ನಾಯು ಓಗೊಡುತ್ತಿರಲಿಲ್ಲ. 1993ರಲ್ಲಿ ತಾನಿಗುಚಿ ಮತ್ತು ಸಂಗಡಿಗರು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಸ್ಪಂದನಗಳ ಸರಣಿ ಕೊಟ್ಟರೆ ಸ್ನಾಯು ಓಗೊಡುತ್ತದೆಂದು ತೋರಿಸಿದ ಮೇಲೆ ಬಾಗಿಲು ತೆರೆಯಿತು. ಆದರೆ ಅದಕ್ಕೆ ಅರಿವಳಿಕೆಯ ರೀತಿಯೂ ಬದಲಾಗಬೇಕಿತ್ತು: ಅನಿಲ ಅರಿವಳಿಕೆಯ ಬದಲು ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್, ಸ್ನಾಯು ಸಡಿಲಿಸುವ ಮದ್ದಿಗೆ ಕಡಿವಾಣ. ಪರದೆ ನೋಡುವವರು ಈಗ ಅರಿವಳಿಕೆ ತಜ್ಞರೊಂದಿಗೂ ವಾದಿಸಬೇಕಾಯಿತು.

ಈ ಇಪ್ಪತ್ತು ವರ್ಷ ಈ ಕೆಲಸ ಮಾಡಿದವರಿಗೆ ಸ್ಪಷ್ಟವಾದ ಹುದ್ದೆಯ ಹೆಸರಿರಲಿಲ್ಲ. ಶರೀರಕ್ರಿಯಾ ವಿಭಾಗದಿಂದ, ಶ್ರವಣ ವಿಜ್ಞಾನದಿಂದ, ಎಂಜಿನಿಯರಿಂಗ್‌ನಿಂದ ಕುತೂಹಲಕ್ಕೆ ಬಂದು ನಿಂತವರೂ ಅವರಲ್ಲಿದ್ದರು. ಬೋಧನೆ ತಮ್ಮ ವಿಭಾಗದಲ್ಲಿ, ಬೆಳಗ್ಗೆ ಏಳಕ್ಕೆ ಥಿಯೇಟರಿನಲ್ಲಿ ಹಾಜರಿ. ಎರಡೂ ಮನೆಯವರಿಗೆ ನೆಂಟರು, ಎರಡೂ ಮನೆಯ ಪಡಿತರ ಚೀಟಿಯಲ್ಲಿ ಹೆಸರಿಲ್ಲ.

1995ರಲ್ಲಿ ಮಾರ್ಕ್ ನ್ಯೂವರ್ ಮತ್ತು ಸಂಗಡಿಗರು 51,263 ಶಸ್ತ್ರಚಿಕಿತ್ಸೆಗಳ ಸಮೀಕ್ಷೆ ಪ್ರಕಟಿಸಿದರು. ಅದರಲ್ಲಿ ಹೆಚ್ಚು ಉಲ್ಲೇಖಕ್ಕೆ ಬರಬೇಕಾದ ಸಾಲೊಂದಿದೆ. ಅನುಭವಿ ಕಾವಲು ತಂಡಗಳಿದ್ದಲ್ಲಿ ನರಹಾನಿಯ ಪ್ರಮಾಣ ಅನುಭವವಿಲ್ಲದ ತಂಡಗಳಿದ್ದಲ್ಲಿಗಿಂತ ಅರ್ಧಕ್ಕೂ ಕಡಿಮೆ. ಅಂದರೆ ಯಂತ್ರದಷ್ಟೇ ಮುಖ್ಯ ಅದರ ಮುಂದೆ ಕೂತವರು. ಯಂತ್ರ ಕೊಳ್ಳುವುದು ಸುಲಭ, ಹತ್ತು ವರ್ಷ ಒಬ್ಬರನ್ನು ಅದರ ಮುಂದೆ ಉಳಿಸಿಕೊಳ್ಳುವ ಹುದ್ದೆ ಸೃಷ್ಟಿಸುವುದು ಕಷ್ಟ. ಬಹುಪಾಲು ಕಡೆ ಸುಲಭದ್ದೇ ಆಯಿತು.

ಮುಂದಿನದು ಪ್ರಮಾಣಪತ್ರಗಳ ಕಾಲ. ಅಮೆರಿಕದಲ್ಲಿ ನರರೋಗ ತಜ್ಞರಿಗೆ ಕ್ಲಿನಿಕಲ್ ನ್ಯೂರೋಫಿಸಿಯಾಲಜಿಯ ಹೆಚ್ಚುವರಿ ಅರ್ಹತೆ, ತಂತ್ರಜ್ಞರಿಗೆ ಒಂದು ಪರೀಕ್ಷೆ, ಡಾಕ್ಟರೇಟ್ ಪಡೆದವರಿಗೆ ಮತ್ತೊಂದು ಮಂಡಳಿ ಎಂದು 1990ರ ದಶಕದಲ್ಲಿ ಮೂರು ಏಣಿಗಳು ನಿಂತವು. ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿಲ್ಲ. 2008ರಲ್ಲಿ ಅಲ್ಲಿನ ವೈದ್ಯಕೀಯ ಸಂಘ ಈ ಕೆಲಸದ ಮೇಲ್ವಿಚಾರಣೆಯನ್ನು ವೈದ್ಯವೃತ್ತಿಯ ಭಾಗವೆಂದು ಸಾರಿತು. ವಿದ್ಯೆಯನ್ನು ಬೆಳೆಸಿದವರಲ್ಲಿ ಅನೇಕರು ವೈದ್ಯರಲ್ಲದ ಕಾರಣ ಅದು ಅವರಿಗೆ ಹೇಗೆ ಕೇಳಿಸಿತೆಂದು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ಇಂಟರ್‌ನೆಟ್ ಬಂದಿತ್ತು. ಕೊಠಡಿಯಲ್ಲಿ ತಂತ್ರಜ್ಞರು, ದೂರದಲ್ಲಿ ಒಂದೇ ಸಮಯಕ್ಕೆ ಹಲವು ರೋಗಿಗಳ ಅಲೆಗಳನ್ನು ನೋಡುವ ವೈದ್ಯರು. ತಜ್ಞರಿಲ್ಲದ ಸಣ್ಣ ಆಸ್ಪತ್ರೆಗಳಿಗೆ ಇದರಿಂದ ನಿಜಕ್ಕೂ ಉಪಕಾರವಾಯಿತು. ಜೊತೆಗೆ, ಬೋಧನಾ ಆಸ್ಪತ್ರೆ ತಯಾರು ಮಾಡಿದವರನ್ನು ಹೆಚ್ಚಿನ ಸಂಬಳಕ್ಕೆ ಒಯ್ಯುವ ಉದ್ಯಮವೂ ಬೆಳೆಯಿತು. 2013ರಲ್ಲಿ ಅಮೆರಿಕದ ಬಿಲ್ಲಿಂಗ್ ಕೋಡುಗಳು (ಯಾವ ಸೇವೆಗೆ ಹಣ ಎಂದು ಸೂಚಿಸುವ ಸಂಖ್ಯೆಗಳು) ಬದಲಾದಾಗ, ಏಕಕಾಲಕ್ಕೆ ಹಲವರನ್ನು ನೋಡುವ ಕೋಡನ್ನು ಸರಕಾರಿ ವಿಮೆಯಾದ ಮೆಡಿಕೇರ್ ಒಪ್ಪದೆ, ಒಬ್ಬ ರೋಗಿಗೆ ಕೊಟ್ಟ ಗಮನವನ್ನು 15 ನಿಮಿಷಗಳ ಲೆಕ್ಕದಲ್ಲಿ ಎಣಿಸುವ ಪ್ರತ್ಯೇಕ ಕೋಡು ತಂದಿತು.

ವಿಶ್ವವಿದ್ಯಾಲಯದಲ್ಲಿ ಉಳಿದವರ ಕಷ್ಟ ಬೇರೆ ಬಗೆಯದು. ಅಲೆ ಕುಸಿಯಿತು, ಎಚ್ಚರಿಸಿದರು, ಶಸ್ತ್ರವೈದ್ಯರು ಸರಳು ಸಡಿಲಿಸಿದರು, ಅಲೆ ಮರಳಿತು, ರೋಗಿ ನಡೆದು ಮನೆಗೆ ಹೋದರು. ಇದು ನಿಜವಾದ ಎಚ್ಚರಿಕೆಯೋ ಸುಳ್ಳು ಗಾಬರಿಯೋ? ಸಂಖ್ಯಾಶಾಸ್ತ್ರದ ಪಟ್ಟಿಯಲ್ಲಿ ಅದನ್ನು ಯಾವ ಕಾಲಮ್ಮಿಗೆ ಸೇರಿಸುವುದೆಂಬ ಜಗಳ ಇನ್ನೂ ತೀರಿಲ್ಲ. ಚೀಟಿ ಎತ್ತಿ ಅರ್ಧ ರೋಗಿಗಳಿಗೆ ಕಾವಲು ಬೇಡವೆನ್ನಲು ಶಸ್ತ್ರವೈದ್ಯರು ಒಪ್ಪುವುದು ಕಷ್ಟ. 2006ರಲ್ಲಿ ವೆರೋನಾದ ಫ್ರಾಂಚೆಸ್ಕೊ ಸಾಲಾ ಮತ್ತು ಸಂಗಡಿಗರು ಬೆನ್ನುಹುರಿಯೊಳಗಿನ ಗೆಡ್ಡೆಯ 50 ರೋಗಿಗಳನ್ನು, ಕಾವಲಿಲ್ಲದ ಕಾಲದ 50 ಹಳೆಯ ರೋಗಿಗಳ ಜೊತೆಗೆ ಹೋಲಿಸಿದರು. ಫಲಿತಾಂಶ ಕಾವಲಿನ ಪರವಾಗಿತ್ತು. ಇಂಥ ಹೋಲಿಕೆಗಿಂತ ಮೇಲಿನ ಸಾಕ್ಷ್ಯ ಕೈಗೆಟುಕದ ಕ್ಷೇತ್ರದಲ್ಲಿದ್ದೂ, ಹಾಗೆ ಚೀಟಿ ಎತ್ತಿ ನಡೆಸುವ ಯಾದೃಚ್ಛಿಕ ಪ್ರಯೋಗಗಳನ್ನೇ ತೂಗುವ ಬಡ್ತಿ ಸಮಿತಿಯ ಮುಂದೆ ನಿಲ್ಲಬೇಕು.

ತರಬೇತಿಯೂ ಹರಿದು ಹಂಚಿಹೋಯಿತು. ಒಂದು ವರ್ಷದ ಫೆಲೋಶಿಪ್‌ನಲ್ಲಿ ಇಇಜಿ ಮತ್ತು ಇಎಂಜಿ (ಸ್ನಾಯುಗಳ ವಿದ್ಯುತ್ ಪರೀಕ್ಷೆ) ವರ್ಷದ ಬಹುಪಾಲನ್ನು ನುಂಗಿ, ಥಿಯೇಟರಿಗೆ ಉಳಿಕೆಯ ವಾರಗಳು ಸಿಗುವುದು ಸಾಮಾನ್ಯ. ಸ್ನಾಯು-ನರ ರೋಗಗಳೂ ಅಪಸ್ಮಾರವೂ ಸ್ವಂತ ಉಪವಿಭಾಗಗಳಾಗಿ ಬೇರೆಯಾದ ಮೇಲೆ ವಿದ್ಯಾರ್ಥಿಗಳು ಅತ್ತ ವಾಲಿದರು. ಬ್ರಿಟನ್‌ನಲ್ಲಿ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ತಾನೇ ಒಂದು ಸ್ವತಂತ್ರ ವೈದ್ಯಕೀಯ ಶಾಖೆ. ಆದರೂ ಅಲ್ಲಿ ಥಿಯೇಟರಿನ ಕಾವಲಿನ ಬಹುಭಾಗ ಹೊತ್ತವರು ವೈದ್ಯೇತರ ಕ್ಲಿನಿಕಲ್ ವಿಜ್ಞಾನಿಗಳು, ಅವರ ಶ್ರೇಣಿ ಬೇರೆ.

ಆದ್ದರಿಂದ ಈಗ ಅರ್ಜಿ ಹಾಕುವವರು ಮೊದಲು ಕೇಳಬೇಕಾದದ್ದು ಸಂಬಳವನ್ನಲ್ಲ. ಥಿಯೇಟರಿನಲ್ಲಿ ಕಳೆದ ಗಂಟೆಗಳನ್ನು ಬೋಧನೆಯೆಂದು ಎಣಿಸುತ್ತಾರೋ, ಸೇವೆಯೆಂದೋ ಎಂಬುದನ್ನು. ಉತ್ತರ ಕೊಡಬೇಕಾದವರು ಯಾವ ವಿಭಾಗದ ಮುಖ್ಯಸ್ಥರು ಎಂಬುದನ್ನೂ ಆಗಲೇ ಕೇಳಿಕೊಳ್ಳಬಹುದು.