ಲಾರಿ ಎಂಜಿನ್ ಕೆಲಸಕ್ಕೆ ಬಂದಾಗ ನೀವೇ ಬಿಚ್ಚಬಹುದೇ?

ಹೋದ ಬೇಸಿಗೆಯಲ್ಲಿ ಸಂಡೂರು ಕಡೆಯ ಲಾರಿ ಮಾಲೀಕನೊಬ್ಬ ನಮ್ಮ ಲಾರಿ ರಿಪೇರಿ ಶೆಡ್ಡಿಗೆ ಬಂದ. ತನ್ನ ಗಾಡಿ ತಾನೇ ಓಡಿಸುವವನು, ಕೈಕೆಲಸ ಬಲ್ಲವನು. ಗಾಡಿ ಟಾಟಾ 1613, ಒಳಗಿರುವುದು ಕಮಿನ್ಸ್ 6ಬಿಟಿ ಎಂಜಿನ್. ಆಯಿಲ್ ಕುಡಿಯುತ್ತಿದೆ ಅಂತ ಮನೆಯ ಮುಂದೆಯೇ ಎಂಜಿನ್ ಮೇಲಿನ ಮುಚ್ಚಳವಾದ ಹೆಡ್ ಇಳಿಸಿ, ಆಯಿಲ್ ಚೇಂಬರ್ ಬಿಚ್ಚಿ, ಆರೂ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದ್ದ. “ಹದಿನೈದು ದಿನ ಚಲೋ ಓಡ್ತು ಅಣ್ಣಾ, ಈಗ ಮತ್ತ ನೀಲಿ ಹೊಗಿ” ಅಂದ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಅಂತ.

ಅವನು ಕಟ್ಟಿದ ರೀತಿಯಲ್ಲಿ ತಪ್ಪಿರಲಿಲ್ಲ. ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊರೆತಕ್ಕೆ, ಅಳೆಯುವ ಗೇಜ್ ಇಳಿಸಿ ನೋಡಿದಾಗ ವಿಷಯ ತಿಳಿಯಿತು. ಬೋರಿನ ಮೇಲ್ಭಾಗ, ಅಂದರೆ ಮೊದಲ ರಿಂಗ್ ಮೇಲೆ ಬಂದು ಮತ್ತೆ ಕೆಳಗೆ ತಿರುಗುವ ಜಾಗ, ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಶಾಖ ಹೆಚ್ಚು, ಆಯಿಲ್ ಕಡಿಮೆ ಇರುವ ಜಾಗವದು, ಮೊದಲು ಸವೆಯುವುದೇ ಅಲ್ಲಿ. ಅಂಥ ಬೋರಿಗೆ ದುಂಡಗಿನ ಹೊಸ ರಿಂಗ್ ಹಾಕಿದರೆ ಸುತ್ತಲೂ ಕೂರುವುದಿಲ್ಲ. ಜೊತೆಗೆ 6ಬಿಟಿಯಲ್ಲಿ ಲೈನರ್, ಅಂದರೆ ಬ್ಲಾಕಿನೊಳಗೆ ಕೂರಿಸುವ ಬೇರೆ ಕೊಳವೆ, ಇಲ್ಲ. 102 ಮಿ.ಮೀ. ಬೋರನ್ನು ನೇರ ಬ್ಲಾಕಿನಲ್ಲೇ ಕೊರೆದಿರುತ್ತಾರೆ. ಲೈನರ್ ಇರುವ ಎಂಜಿನ್ ಆದರೆ ಹಳೆಯದನ್ನು ಕಿತ್ತು ಹೊಸದು ಕೂರಿಸಬಹುದು. ಇಲ್ಲಿ ಬೋರನ್ನು ಮತ್ತೆ ದುಂಡಗೆ ಕೊರೆಸಲು ಬ್ಲಾಕೇ ಬೋರಿಂಗ್‌ಗೆ ಹೋಗಬೇಕು.

ಬೋರ್ ಸವೆಯಲು ಕಾರಣವೂ ಸಿಕ್ಕಿತು. ಏರ್ ಫಿಲ್ಟರಿನಿಂದ, ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೋಗೆ ಹೋಗುವ ರಬ್ಬರ್ ಹೋಸ್ ಕೆಳಮುಖವಾಗಿ ಸೀಳಿತ್ತು. ಒಳಗೆ ಬೆರಳಾಡಿಸಿದೆ, ಬೆರಳು ಕೆಂಪಾಯಿತು. ಅದಿರಿನ ರಸ್ತೆಯ ಧೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಉಪ್ಪುಕಾಗದ ಉಜ್ಜಿದ ಹಾಗೆ ಬೋರನ್ನು ತಿನ್ನುತ್ತದೆ. ಆ ಹೋಸ್ ಬದಲಿಸದೆ ಎಷ್ಟು ಸಲ ಎಂಜಿನ್ ಕಟ್ಟಿದರೂ ದುಡ್ಡು ಮಣ್ಣುಪಾಲು.

ಆದ್ದರಿಂದ “ನಾನೇ ಮಾಡ್ಲಾ?” ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೆ: ಸ್ಪ್ಯಾನರ್ ಹಿಡಿಯುವ ಮೊದಲು ಅರ್ಧ ದಿನ ಪರೀಕ್ಷೆಗೆ ಕೊಡಿ.

ಎಂಜಿನ್ ಬಿಸಿ ಮಾಡಿ, ಐಡಲ್‌ನಲ್ಲಿಟ್ಟು ಆಯಿಲ್ ಕ್ಯಾಪ್ ತೆಗೆಯಿರಿ. ಹೊಗೆ ದಬದಬ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಒತ್ತಡದ ಗಾಳಿ ಆಯಿಲ್ ಇರುವ ಕಡೆಗೆ ನುಗ್ಗುತ್ತಿದೆ. ಇಷ್ಟಕ್ಕೇ “ಎಂಜಿನ್ ಹೋಯ್ತು” ಎಂದು ತೀರ್ಮಾನಿಸಿ ಇಳಿಸಿಬಿಡುವವರನ್ನು ಬಹಳ ನೋಡಿದ್ದೇನೆ. ಬ್ರೇಕಿನ ಏರ್ ಕಂಪ್ರೆಸರ್ ರಿಂಗ್ ಸವೆದಿದ್ದರೂ ಗಾಳಿ ಎಂಜಿನ್ ಒಳಗೇ ನುಗ್ಗುತ್ತದೆ. ಏರ್ ಟ್ಯಾಂಕ್ ಖಾಲಿ ಮಾಡಿ ಮತ್ತೆ ತುಂಬಲು ಬಿಡಿ. ಗಾಳಿ ತುಂಬುವಾಗ ಹೊಗೆ ಜೋರಾಗಿ, ತುಂಬಿ ಕಟ್ ಆದ ಮೇಲೆ ಇಳಿದರೆ ಸಂಶಯ ಕಂಪ್ರೆಸರ್ ಮೇಲೆ. ಟ್ಯಾಂಕಿನ ಡ್ರೇನ್ ತಿರುಗಿಸಿದಾಗ ಆಯಿಲ್ ಬಂದರಂತೂ ಅನುಮಾನ ಇನ್ನೂ ಗಟ್ಟಿ. ಟರ್ಬೋ ಸೀಲ್ ಹೋದರೂ ನೀಲಿ ಹೊಗೆ ಬರುತ್ತದೆ, ಅದನ್ನೂ ನೋಡಿ.

ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಆದರೆ ಡೀಸೆಲ್ ಚಿಮ್ಮಿಸುವ ನಾಜಲ್‌ನ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲ ಮಾಡಿ. ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಎಷ್ಟೋ ಸಲ ನಾಜಲ್ ಒಂದನ್ನು ರಿಪೇರಿ ಮಾಡಿಸಿದರೆ ಸರಿಹೋಗುತ್ತದೆ. ಎಲ್ಲ ನಾಜಲ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಮಾತ್ರ ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅಲ್ಲಿಯ ಡೀಸೆಲ್ ಒತ್ತಡ 1000 ಬಾರ್ ದಾಟುತ್ತದೆ, ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ಒಳಗೆ ಕೈಯೇ ಕೊಳೆಯಬಹುದು. ಹಾಗಾದರೆ ಕಾಯದೆ ಆಸ್ಪತ್ರೆಗೆ ಓಡಿ.

ಕೊನೆಗೆ ಆಯಿಲ್ ಪ್ರೆಶರ್. ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬದೆ ಬೇರೆ ಗೇಜ್ ಹಾಕಿ ನೋಡಿ. 6ಬಿಟಿ ಬಿಸಿಯಾದಾಗ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್‌ಐ, ಫುಲ್ ಸ್ಪೀಡಿನಲ್ಲಿ 30 ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬೇರಿಂಗ್ ಸವೆದಿರಬಹುದು, ಆಗ ರಿಂಗ್ ಹಾಕಿ ಮುಗಿಸುವ ಮಾತೇ ಇಲ್ಲ.

ಇಷ್ಟು ತಿಳಿದ ಮೇಲೆ ಯಾವ ಕೆಲಸ ಯಾರ ಕೈಗೆ ಅನ್ನುವುದು ಸುಲಭ. ಫಿಲ್ಟರ್, ಹೋಸ್, ವಾಟರ್ ಪಂಪ್, ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆಯುವುದು ಎಲ್ಲ ನೀವೇ ಮಾಡಿ. ಟ್ಯಾಪೆಟ್, ಅಂದರೆ ವಾಲ್ವಿನ ಸಂದು ಹೊಂದಿಸುವುದು ಕೂಡ: 6ಬಿಟಿ ತಣ್ಣಗಿರುವಾಗ ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.51. ಹೆಡ್ ಇಳಿಸುವುದಾದರೆ ಟಾರ್ಕ್ ರೆಂಚ್ ಇರಲೇಬೇಕು. 26 ಬೋಲ್ಟುಗಳು, ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಬೇಕು. ಹೆಡ್ 50 ಕೆ.ಜಿ. ಮೇಲೆ ತೂಗುತ್ತದೆ, ಒಬ್ಬರೇ ಎತ್ತಲು ಹೋಗಬೇಡಿ. ಬೋರ್ ಮತ್ತು ಕ್ರ್ಯಾಂಕ್ ಲೇತಿಗೆ ಹೋಗಬೇಕು. ಡೀಸೆಲ್ ಪಂಪನ್ನು ಪಂಪ್ ಅಂಗಡಿಯ ಟೆಸ್ಟ್ ಬೆಂಚಿನ ಮೇಲೆಯೇ ಬಿಚ್ಚಬೇಕು. ಅಲ್ಲಿ ನಾನೂ ಕೈ ಹಾಕುವುದಿಲ್ಲ.

ಬಹಳ ದಿನ ನಿಂತ ಗಾಡಿಯ ಬಗ್ಗೆ ಒಂದು ಮಾತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಈ ಕಡೆ ಲಾರಿಗಳು ಸಾಲುಗಟ್ಟಿ ನಿಂತವು. ಎಷ್ಟೋ ದಿನದ ಮೇಲೆ ಬಂದು ನೇರ ಸೆಲ್ಫ್ ಹೊಡೆದವರು ತುಕ್ಕು ಹಿಡಿದ ರಿಂಗ್ ಮುರಿದುಕೊಂಡರು. ನಾಜಲ್ ತೆಗೆದು ಬೋರಿಗೆ ಒಂದಿಷ್ಟು ಆಯಿಲ್ ಬಿಟ್ಟು, ಒಂದು ರಾತ್ರಿ ಕಾದು, ಮೊದಲು ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿ.

ಇನ್ನು ಲೆಕ್ಕ. ಲೇತಿನ ಖರ್ಚು, ಸಾಮಾನಿನ ಖರ್ಚು ಎಲ್ಲರೂ ಬರೆಯುತ್ತಾರೆ, ಗಾಡಿ ನಿಂತ ದಿನಗಳ ಬಾಡಿಗೆ ಬರೆಯುವುದಿಲ್ಲ. ನಮ್ಮಲ್ಲಿ ಒಂದು ವಾರದ ಕೆಲಸ ಮನೆಯ ಮುಂದೆ ತಿಂಗಳಾದೀತು. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ) ಆಗಬೇಕು, 15 ದಾಟಿದರೆ 2022ರಿಂದ ಶುಲ್ಕವೂ ಬಹಳ ಏರಿದೆ. ಚಾಸಿ ಬಿರುಕು ಬಿಟ್ಟಿದ್ದರೆ, ಕ್ಯಾಬಿನ್ ಕೊಳೆತಿದ್ದರೆ ಎಂಜಿನ್ನಿಗೆ ದುಡ್ಡು ಸುರಿಯಬೇಡಿ. ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸುವುದಾದರೆ ಕಾಗದಪತ್ರ ಕೇಳಿ ಪಡೆಯಿರಿ. ಆರ್‌ಸಿಯಲ್ಲಿ ನಂಬರ್ ಬದಲಿಸದೆ ರಸ್ತೆಗಿಳಿಸುವಂತಿಲ್ಲ.

ಸಂಡೂರಿನವನ ಬ್ಲಾಕನ್ನು 0.50 ಮಿ.ಮೀ. ಓವರ್‌ಸೈಜಿಗೆ, ಅಂದರೆ ಅಷ್ಟು ಅಗಲವಾಗಿ, ಬೋರ್ ಮಾಡಿಸಿದೆವು. ಹೆಡ್ ಕಟ್ಟುವ ಕೆಲಸ ಅವನಿಗೇ ಬಿಟ್ಟೆ, ತಮ್ಮನನ್ನು ಕರೆತಂದು ಚೊಕ್ಕವಾಗಿ ಕಟ್ಟಿದ. ಹೊಸ ಹೋಸು, ಹೊಸ ಕ್ಲಿಪ್ಪು ಹಾಕಿದ್ದು ಎಲ್ಲಕ್ಕಿಂತ ಮೊದಲು. ಹೊರಡುವಾಗ ಹೇಳಿದೆ: ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡ, ರಿಂಗ್ ಕೂರುವುದಿಲ್ಲ. ಅರ್ಧ ಲೋಡ್ ಹಾಕಿ ಓಡಿಸು, ಮೊದಲ ಆಯಿಲ್ ಬೇಗ ಬದಲಿಸು, ಬೆಳಿಗ್ಗೆ ಡಿಪ್ ಸ್ಟಿಕ್ ನೋಡದೆ ಗಾಡಿ ಎತ್ತಬೇಡ.